ಕೊಡಲಿಗೆ ಕುಂಕುಮ ಹಚ್ಚಿದ ದಿನ

ಶ್ರಾವಣದ ಮೊದಲ ಸೋಮವಾರ ಠಾಣೆಯ ಹವಾಲ್ದಾರರು ಬೈಕಿನ ಹಿಂದಿನ ಸೀಟಿಗೆ ಒಂದು ಕೊಡಲಿ ಕಟ್ಟಿಕೊಂಡು ಬಂದರು. ಬಿಳಿ ಬಟ್ಟೆಯ ಗಂಟು, ಅದರ ಮೇಲೆ ಅರಗಿನ ಮುದ್ರೆ, ಕೋರ್ಟಿನ ಚೀಟಿ. ಗಂಟನ್ನು ನನ್ನ ಮೇಜಿನ ಮೇಲಿಟ್ಟು, "ತಗೋರಿ ಮೇಡಂ, ನಿಮ್ಮ ಮುದ್ದೆಮಾಲು. ನಮ್ಮ ಕೋಣ್ಯಾಗ ಇಷ್ಟು ವರ್ಷ ಕುಂತು ಅದಕ್ಕೂ ಬ್ಯಾಸರ ಆಗಿತ್ತು" ಎಂದು ನಕ್ಕರು. ನಾನು ನಗಲಿಲ್ಲ. ಗಂಟು ಬಿಚ್ಚುವ ಮುಂಚೆ ಕೈಗೆ ಗ್ಲೌಸ್ ಹಾಕಿಕೊಂಡೆ.

ನಮ್ಮದು ಅಫಜಲಪುರದ ಹಳೆಯ ಕಾಳಿನ ಗೋದಾಮಿನಲ್ಲಿರುವ ಸಣ್ಣ ವಸ್ತು ಸಂಗ್ರಹಾಲಯ. ಊರಿನ ಕೆಲವರು ಸೇರಿ ಕಟ್ಟಿದ ಟ್ರಸ್ಟ್ ಅದನ್ನು ನಡೆಸುತ್ತದೆ. ಕೆಲಸಕ್ಕೆ ಮೂವರು. ಮೇಲ್ವಿಚಾರಕರು ಇತಿಹಾಸ ಕಲಿಸಿ ನಿವೃತ್ತರಾದವರು, ಅವರನ್ನು ಸರ್ ಎನ್ನುತ್ತೇವೆ. ಕಾವಲಿಗೆ ಅದೇ ಊರಿನ ಒಬ್ಬ ಹಿರಿಯರು, ಎಲ್ಲರಿಗೂ ಕಾಕಾ. ನಾನು ಸಹಾಯಕಿ, ಆಳಂದ ತಾಲೂಕಿನ ಸರಸಂಬಾದವಳು. ಅಲ್ಲಿಯ ತನಕ ನಮ್ಮಲ್ಲಿದ್ದದ್ದು ರಂಟಿ ಎನ್ನುವ ನೇಗಿಲು, ಬಿತ್ತುವ ಕೂರಿಗೆ, ಕುಡಗೋಲು, ಸೇರು ಪಾವು, ಕಾಳು ತುಂಬುವ ಮಣ್ಣಿನ ಕಣಜ ಇಂಥವು. ಶಾಲೆಯ ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋಗುತ್ತಿದ್ದರು. ಬಂದವರೆಷ್ಟು, ಪ್ರತಿ ವಸ್ತುವಿನ ಮುಂದೆ ನಿಂತವರೆಷ್ಟು ಎಂದು ನಾನು ದಿನವೂ ಬರೆದಿಡುತ್ತಿದ್ದೆ. ನಿಂತವರ ಲೆಕ್ಕ ಯಾವಾಗಲೂ ಕಡಿಮೆ ಇರುತ್ತಿತ್ತು.

ಕೊಡಲಿ ತರಿಸುವ ಯೋಚನೆ ಸರ್ ಅವರದು. ಮಣ್ಣೂರಿನ ಆಚೆ, ಭೀಮಾ ನದಿಯ ದಂಡೆಯಲ್ಲಿ ಇಬ್ಬರು ರೈತರ ಹೊಲ ಅಕ್ಕಪಕ್ಕ. ನದಿಗೆ ಇಳಿಬಿಟ್ಟ ಮೋಟಾರಿನ ಪೈಪು ಯಾರ ಬದುವಿನ ಮೇಲೆ ಹೋಗಬೇಕು ಎಂಬ ಜಗಳ ಬೆಳೆದು ಒಬ್ಬ ಇನ್ನೊಬ್ಬನನ್ನು ಇದೇ ಕೊಡಲಿಯಿಂದ ಕಡಿದ. ಕಡಿದವನಿಗೆ ಜೀವಾವಧಿ ಆಗಿ, ಮೇಲ್ಮನವಿಯೂ ಮುಗಿದಿತ್ತು. ಆದರೆ ಊರಲ್ಲಿ ಅದು ಮುಗಿದಿರಲಿಲ್ಲ. ಎರಡೂ ಮನೆಗಳ ಹುಡುಗರು ಮೊಬೈಲಿನಲ್ಲಿ ಡೊಳ್ಳಿನ ಸದ್ದು ಹಾಕಿ, ಮೀಸೆ ತಿರುವಿ, ಒಬ್ಬರಿಗೊಬ್ಬರು ವಿಡಿಯೋ ಬಿಡುತ್ತಿದ್ದರು. ಸರ್ ಕೋರ್ಟಿಗೆ ಅರ್ಜಿ ಹಾಕಿ, ನಾಶ ಮಾಡಬೇಕಾಗಿದ್ದ ಕೊಡಲಿಯನ್ನು ಕೇಳಿ ಪಡೆದರು.

"ಈ ಭಾಗದಾಗ ಖೂನಿ ಅಂದ್ರ ಹಾಡಾಗ್ಯದ," ಎಂದಿದ್ದರು ಅವರು. "ಕುರಪಿ ತೋರಿಸಿ ಸಂಸ್ಕೃತಿ ಅಂತ ಹೇಳೋದು ಎಷ್ಟು ದಿನ? ಜನ ಯಾವುದರಿಂದ ಸಾಯಾಕತ್ತಾರ ಅದನ್ನ ತೋರಿಸ್ಬೇಕಲ್ಲ."

ಗಂಟು ಬಿಚ್ಚಿ ಸ್ಥಿತಿಯ ವರದಿ ಬರೆದೆ. ಜಾಲಿ ಕಟ್ಟಿಗೆಯ ಕಾವು, ಹಿಡಿಯುವ ಕಡೆ ಬೆವರಿಗೆ ನುಣುಪಾಗಿತ್ತು. ಅಲಗಿನ ತುದಿಯಲ್ಲಿ ಒಂದು ಕಚ್ಚು. ಅದು ಎಲುಬಿಗೆ ತಾಗಿ ಆದದ್ದು ಎಂದು ವೈದ್ಯರ ವರದಿಯಲ್ಲಿತ್ತು. ಅಲಗು ಮತ್ತು ಕಾವು ಕೂಡುವ ಸಂದಿಯಲ್ಲಿ ಕಪ್ಪಗೆ ಒಣಗಿ ಅಂಟಿದ್ದು ಇತ್ತು. ನಮ್ಮಲ್ಲಿಗೆ ಬರುವ ಕಬ್ಬಿಣದ ಸಾಮಾನಿನ ತುಕ್ಕನ್ನು ಕುಂಚದಿಂದ ತೆಗೆದು ತೆಳುವಾಗಿ ಎಣ್ಣೆ ಹಚ್ಚುವುದು ರೂಢಿ. ಇದಕ್ಕೆ ಹಚ್ಚಬಾರದೆಂದು ತೀರ್ಮಾನಿಸಿದೆವು. ಒರೆಸಿದರೆ ಅದು ಬರೀ ಕೊಡಲಿಯಾಗುತ್ತದೆ. ಗಾಜಿನ ಪೆಟ್ಟಿಗೆ ಮಾಡಿಸಿ, ತೇವ ಹೀರುವ ಪುಡಿಯ ಪೊಟ್ಟಣ ಇಟ್ಟು, ಕೆಳಗೆ ಬಿಳಿ ಬಟ್ಟೆ ಹಾಸಿದೆ. ಆ ವಾರ ನನಗೆ ಊಟ ಸೇರಲಿಲ್ಲ ಎಂದು ಡೈರಿಯಲ್ಲಿದೆ.

ಸತ್ತವನ ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ಜನರ ಮುಂದೆ ಇಡುವುದಿಲ್ಲ ಎಂದು ನಾನು ಹಟ ಹಿಡಿದೆ. ಸತ್ತವನ ಮಗಳನ್ನು ಜೇವರ್ಗಿ ತಾಲೂಕಿನ ಅಂದೋಲಾಕ್ಕೆ ಕೊಟ್ಟಿದ್ದರು, ಅಲ್ಲಿ ಅಂಗನವಾಡಿ ಶಿಕ್ಷಕಿ. ಬಸ್ಸು ಬದಲಿಸಿಕೊಂಡು ಹೋದೆ. ಅವರು ಮಕ್ಕಳನ್ನು ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿ ತೂಗುತ್ತಿದ್ದರು. ನಾನು ವಿಷಯ ಹೇಳಿದಾಗ ಜೋಳಿಗೆಯಲ್ಲಿದ್ದ ಮಗುವನ್ನು ಮೊದಲು ಇಳಿಸಿದರು.

"ನಮ್ಮಪ್ಪನ್ನ ಕಡದದ್ದನ್ನ ಗಾಜಿನ್ಯಾಗ ಇಡ್ತೀರಿ. ಯಾಕ್ರೀ? ಜನ ರೊಕ್ಕ ಕೊಟ್ಟು ನೋಡ್ಲಿಕ್ಕ?"

"ರೊಕ್ಕ ಇಲ್ಲಕ್ಕ. ಪುಕ್ಕಟೆ."

"ಪುಕ್ಕಟೆ ಅಂದ್ರ ಇನ್ನೂ ಮಂದಿ ಬರ್ತಾರ." ಆಮೇಲೆ ದನಿ ಇಳಿಸಿದರು. "ನನ್ನ ತಮ್ಮ ಒಬ್ಬ ಅದಾನ. ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ. ಅಪ್ಪ ಸತ್ತಾಗ ಅವ ಸೊಲ್ಲಾಪುರದಾಗಿದ್ದ. ಬರೂದ್ರೊಳಗ ಹೆಣ ಹೊಲಿದು ಕೊಟ್ಟಿದ್ರು. ಅವಾ ಏನೂ ನೋಡಿಲ್ಲ. ಈಗ ಬರೇ ಮೊಬೈಲಿನ್ಯಾಗ ನೋಡಾಕತ್ತಾನ. ಕಡದವನ ಹಿರೇ ಮಗನ ಹೆಸರು ಹಿಡಿದು 'ಈ ವರ್ಷ ಬಿಡಂಗಿಲ್ಲ' ಅಂತಾನ. ಕಡದ್ರ ಏನ್ ಆಗ್ತದ ಅಂತ ಅವಂಗ ಗೊತ್ತಿಲ್ರೀ. ನನಗ ಗೊತ್ತದ."

ಅವರು ಒಪ್ಪಿದ್ದು ಆ ತಮ್ಮನಿಗಾಗಿ. ಎರಡು ಷರತ್ತು ಹಾಕಿದರು. ಸತ್ತವನ ಹೆಸರೂ ಇರಬಾರದು, ಕಡಿದವನ ಹೆಸರೂ ಇರಬಾರದು. ಪಕ್ಕದ ಫಲಕದಲ್ಲಿ ಏನು ಬರೆಯಬೇಕೋ ಅದನ್ನು ಅವರೇ ಹೇಳುತ್ತಾರೆ. ನಾನು ಬರೆದುಕೊಂಡೆ. ಸರ್ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

"ಈ ಕೊಡಲಿಯನ್ನು ಜಾಲಿ ಕಡಿಯಲು ಮಾಡಿಸಿದ್ದು. ಒಂದು ಬೆಳಿಗ್ಗೆ ಇದರಿಂದ ಒಬ್ಬ ರೈತನ ಭುಜಕ್ಕೆ, ತಲೆಗೆ, ಕುತ್ತಿಗೆಗೆ ಹೊಡೆದರು. ಅವನು ಕೂಡಲೇ ಸಾಯಲಿಲ್ಲ. ಮಗಳು ಓಡಿ ಬರುವ ತನಕ ಜೀವ ಇತ್ತು. ನೀರು ಕೇಳಿದ. ಮಗಳು ನದಿಯಿಂದ ಬೊಗಸೆಯಲ್ಲಿ ತಂದು ಬಾಯಿಗೆ ಹಾಕಿದಳು. ಆ ನೀರು ಕುತ್ತಿಗೆಯ ಗಾಯದಿಂದ ಹೊರಗೆ ಬಂತು."

ಟ್ರಸ್ಟಿನ ಸಭೆಯಲ್ಲಿ ಫಲಕ ಓದಿದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಮಕ್ಕಳು ಬರೋ ಜಾಗ ಇದು. ಖುಷಿಯಿಂದ ಬಂದು ಖುಷಿಯಿಂದ ಹೋಗ್ಬೇಕು. ಹೆಣದ ವಾಸನಿ ಯಾಕ ತರ್ತೀರಿ?"

"ಆ ಮಕ್ಕಳ ಕೈಯಾಗೇ ಅದಾವಲ್ರೀ ಆ ವಿಡಿಯೋ," ಎಂದರು ಸರ್. "ಅಲ್ಲಿ ವಾಸನಿ ಬರಂಗಿಲ್ಲ. ಅದಕ್ಕ ಇಲ್ಲಿ ಇಡ್ತೇನಿ."

ಗಣಪತಿ ಹಬ್ಬ ಕಳೆದ ಮೇಲೆ ಪೆಟ್ಟಿಗೆಯನ್ನು ಒಳಗಿನ ಗೋಡೆಗೆ ಇಟ್ಟೆವು. ಬರುವವರ ಸಂಖ್ಯೆ ಒಮ್ಮೆಲೇ ಏರಿತು. ನಾನು ಹಾಳೆಯಲ್ಲಿ ಎರಡು ಕಾಲಂ ಹಾಕಿದೆ: ಫಲಕ ಪೂರ್ತಿ ಓದಿದವರು, ಸೆಲ್ಫಿ ತೆಗೆದವರು. ಮೊದಲ ಭಾನುವಾರವೇ ಎರಡನೆಯ ಕಾಲಂ ತುಂಬಿ ಅಂಚಿಗೆ ಹೋಯಿತು. ಒಬ್ಬ ಗಾಜಿಗೆ ಬೆನ್ನು ಹಚ್ಚಿ ಕುತ್ತಿಗೆ ವಾಲಿಸಿ ಸತ್ತಂತೆ ನಟಿಸಿದ. ಅವನ ಗೆಳೆಯರು "ಲೇ, ನಾಲಿಗಿ ಹೊರಗ ಹಾಕಲೇ, ಹುಲಿ!" ಎಂದು ಕೂಗಿದರು. ಇನ್ನೊಂದು ದಿನ ಎರಡು ಗುಂಪಿನವರು ಪೆಟ್ಟಿಗೆಯ ಮುಂದೆಯೇ ಕೊರಳಪಟ್ಟಿ ಹಿಡಿದರು. ಕಾಕಾ ನಡುವೆ ಹೋಗಿ ಬಿಡಿಸುವಷ್ಟರಲ್ಲಿ ಒಬ್ಬನ ಮೂಗು ಒಡೆದು ನೆಲದ ಮೇಲೆ ರಕ್ತ ಬಿದ್ದಿತ್ತು. ನಾನು ಅದನ್ನು ಫಿನಾಯಿಲು ಹಾಕಿ ಒರೆಸಿದೆ. ಮೊದಲನೆಯ ಕಾಲಂನಲ್ಲಿದ್ದವರು ಬಹುಪಾಲು ಹೆಂಗಸರು. ಓದಿ ಮುಗಿಸಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು.

ಅಂದೋಲಾದಿಂದ ಆ ಅಕ್ಕ ಫೋನ್ ಮಾಡಿದರು. "ದಸರಾಕ್ಕ ತವರಿಗೆ ಬರಾಕತ್ತೇನಿ. ಖಂಡೇ ಪೂಜಿ ದಿನ ಅವಂಗೂ ಬಿಡುವು ಇರ್ತದ. ಕರ್ಕೊಂಡು ಬರ್ತೇನಿ. ಅವಂಗ ಏನೂ ಹೇಳಬ್ಯಾಡ್ರಿ. ಅವನೇ ಓದ್ಲಿ."

ಖಂಡೇ ಪೂಜೆ ನಮ್ಮಲ್ಲಿ ಪ್ರತಿ ವರ್ಷ ನಡೆಯುತ್ತಿತ್ತು. ಮಹಾನವಮಿಯ ದಿನ ಮನೆಮನೆಯಲ್ಲಿ ಕಬ್ಬಿಣದ ಸಾಮಾನು ತೊಳೆದು ಪೂಜಿಸುವ ಹಾಗೆ ಕಾಕಾ ಬೆಳಿಗ್ಗೆ ಬೇಗ ಬಂದು ಸಂಗ್ರಹಾಲಯದ ರಂಟಿ, ಕುಡಗೋಲು, ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚಿ ಚೆಂಡುಹೂವು ಏರಿಸುತ್ತಿದ್ದರು. ನಾವದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆವು. ಇಲ್ಲಿನ ಸಾಮಾನು ಸತ್ತಿಲ್ಲ, ಇನ್ನೂ ಪೂಜೆ ತಗೊಳ್ಳುತ್ತದೆ ಎಂದು ಬಂದವರಿಗೆ ಹೇಳುತ್ತಿದ್ದೆವು. ಪೆಟ್ಟಿಗೆಗಳ ಕೀಲಿಕೈ ಗೊಂಚಲು ಕಾಕಾನ ಸೊಂಟದಲ್ಲೇ ಇರುತ್ತಿತ್ತು. ಈ ವರ್ಷ ಒಂದನ್ನು ಬಿಡಬೇಕು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಕಾಕಾಗೂ ಹೊಳೆಯಲಿಲ್ಲ. ಸರ್ ಅಂದು ಕಲಬುರಗಿಯಲ್ಲಿ ಮಗಳ ಮನೆಯಲ್ಲಿದ್ದರು.

ನಾನು ಬಂದಾಗ ಗೋದಾಮಿನ ತುಂಬ ಊದಿನಕಡ್ಡಿಯ ಹೊಗೆ. ಒಳಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಕೊಡಲಿಯ ಅಲಗಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕಾವಿನ ಮೇಲೆ ಚೆಂಡುಹೂವಿನ ಸರ. ಕಚ್ಚಿನ ಒಳಗೂ ಕುಂಕುಮ ಇಳಿದಿತ್ತು.

"ಕಾಕಾ, ಇದಕ್ಕ ಯಾಕ ಹಚ್ಚೀರಿ?"

"ಕಬ್ಬಿಣ ಅಲ್ಲೇನವ್ವಾ? ಎಲ್ಲಾದಕ್ಕೂ ಹಚ್ಚಿ ಇದಕ್ಕೊಂದ ಬಿಟ್ರ..." ಎಂದವರು ಅಲ್ಲಿಗೆ ನಿಲ್ಲಿಸಿದರು. ತಾವೇನು ಮಾಡಿದ್ದೇವೆಂದು ಅವರಿಗೆ ಆಗ ತಿಳಿಯಿತು. ಕೀಲಿಕೈಗೆ ಕೈ ಹಾಕಿದರು.

ಹೂವು ತೆಗೆಯಲು ಪುರುಸೊತ್ತಾಗಲಿಲ್ಲ. ಹೇಳಿದ್ದಕ್ಕಿಂತ ಬೇಗ ಬಂದ ಅಕ್ಕ ಬಾಗಿಲಲ್ಲಿದ್ದರು. ಹಿಂದೆ ಅವರ ತಮ್ಮ, ಹೊಸ ಅಂಗಿ, ಹಣೆಗೆ ಭಂಡಾರ. ಒಳಗೆ ಆಗಲೇ ಒಂದು ಸಂಸಾರ ಮಕ್ಕಳೊಂದಿಗೆ ಮಣ್ಣಿನ ಕಣಜ ನೋಡುತ್ತಿತ್ತು. ನಾನು "ಅಕ್ಕ, ಜರಾ ಹೊರಗ ಕೂಡೋಣ ಬರ್ರಿ" ಎಂದು ಅಡ್ಡ ಹೋದೆ. ಅವನು ನನ್ನ ಹೆಗಲ ಮೇಲಿಂದ ನೋಡಿಬಿಟ್ಟಿದ್ದ.

"ಅಕ್ಕಾ, ಇದೇನಾ ಅದು?"

ಅಕ್ಕ ಅವನ ತೋಳು ಹಿಡಿದು ಫಲಕದ ಕಡೆ ಎಳೆದರು.

"ಅಪ್ಪನ್ನ ಕಡದದ್ದಕ್ಕ ಪೂಜಿ ಮಾಡ್ಯಾರಲ್ಲೇ ಇವರು!"

ಅವನು ರಂಟಿಯ ಪಕ್ಕದಲ್ಲಿದ್ದ ಕಬ್ಬಿಣದ ಹಾರೆ ಎತ್ತಿ ಗಾಜಿಗೆ ಹೊಡೆದ. ಎರಡನೆಯ ಏಟಿಗೆ ಪೆಟ್ಟಿಗೆಯೇ ಬಿತ್ತು. ಮಕ್ಕಳಿದ್ದ ಆ ಸಂಸಾರ ಚೀರುತ್ತ ಹೊರಗೋಡಿತು. ಅವನು ಒಡೆದ ಗಾಜಿನಲ್ಲಿ ಕೈ ಹಾಕಿ ಕೊಡಲಿ ಎತ್ತಿಕೊಂಡ. ಮುಂಗೈ ಸೀಳಿ ರಕ್ತ ಸುರಿಯುತ್ತಿದ್ದರೂ ಅವನಿಗೆ ಅದರ ಅರಿವಿರಲಿಲ್ಲ. ಕಾಕಾ ಎರಡೂ ಕೈ ಚಾಚಿ ನಿಂತು, "ತಮ್ಮಾ, ತಪ್ಪು ನಂದದ, ನಾ ಹಚ್ಚೀನಿ, ಕೆಳಗ ಇಡಪ್ಪ" ಎಂದರು. ಅವನು ಕೊಡಲಿಯನ್ನು ತಿರುಗಿಸಿ ಹಿಂಬದಿಯಿಂದ ಅವರ ಬಲಭುಜಕ್ಕೆ ಬೀಸಿದ. ಎಲುಬು ಮುರಿದ ಸದ್ದು ನಾನು ಕೇಳಿದೆ. ಒಣ ತೊಗರಿ ಕಟ್ಟಿಗೆ ಮುರಿದ ಹಾಗಿತ್ತು. ಕಾಕಾ ಕೂರಿಗೆಯ ಮೇಲೆ ಬಿದ್ದರು. ಅದರ ತುದಿ ತಾಗಿ ನೆತ್ತಿಯೂ ಒಡೆಯಿತು.

ಅಕ್ಕ ತಮ್ಮನ ಕಾಲು ತಬ್ಬಿಕೊಂಡರು. ಅವನು ಕೊಡವಿದ, ಮೊಣಕಾಲು ಅವರ ಬಾಯಿಗೆ ಬಡಿಯಿತು. "ಬಿಡು ಬೇ! ಇವತ್ತ ಅವನ ಮನ್ಯಾಗೂ ಖಂಡೇ ಪೂಜಿ ನಡದಿರ್ತದ. ಅಲ್ಲೇ ಮುಗಸ್ತೇನಿ!"

ನಾನು ಬಾಗಿಲಿಗೆ ಹತ್ತಿರ ಇದ್ದೆ. ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ. ಮುಂದೆ ಇರುವುದು ಶಟರ್ ಒಂದೇ. ಹೊರಗೆ ಅವನ ಬೈಕ್ ಕಾಣುತ್ತಿತ್ತು. ಕಾಕಾನ ತಲೆಯಿಂದ ರಕ್ತ ಹರಿಯುತ್ತಿದೆ, ಅವರನ್ನು ಈಗಲೇ ಎತ್ತಿಕೊಂಡು ಹೋಗಬೇಕು. ಶಟರ್ ತೆರೆದಿದ್ದರೆ ಅವನು ಹೋಗುತ್ತಾನೆ, ಹೋದರೆ ಮಣ್ಣೂರಿನ ಆಚೆ ಇನ್ನೊಬ್ಬ ಸಾಯುತ್ತಾನೆ. ಶಟರ್ ಎಳೆದರೆ ಕಾಕಾ ಒಳಗೇ ಉಳಿಯುತ್ತಾರೆ. ನಾನು ಯೋಚಿಸಿದ್ದು ಇಷ್ಟೇ, ಅದೂ ಇಷ್ಟು ಸ್ಪಷ್ಟವಾಗಿ ಅಲ್ಲ. ಹೊರಗಿದ್ದವರಿಗೆ "ಪೊಲೀಸರಿಗೆ ಫೋನ್ ಮಾಡ್ರಿ" ಎಂದು ಕೂಗಿ, ಶಟರನ್ನು ಎರಡೂ ಕೈಯಿಂದ ಜಗ್ಗಿ, ಒಳಗಿನ ಕೊಂಡಿಯಲ್ಲಿ ಕೀಲಿಕೈ ಸಮೇತ ತೂಗುತ್ತಿದ್ದ ಬೀಗ ಹಾಕಿ, ಕೀಲಿಕೈಯನ್ನು ಶಟರ್ ಅಡಿಯ ಸಂದಿಯಿಂದ ಹೊರಗೆ ತಳ್ಳಿಬಿಟ್ಟೆ.

ಕತ್ತಲಾಯಿತು. ಮೇಲಿನ ಜಾಲರಿಯಿಂದ ಬರುವಷ್ಟೇ ಬೆಳಕು. ಅವನು ನನ್ನ ಕಡೆ ಬಂದ.

"ಕೀಲಿ ಕೊಡು."

"ಹೊರಗ ಹಾಕೀನಿ."

ಅವನು ನನ್ನ ಜಡೆ ಹಿಡಿದು ಗೋಡೆಗೆ ಬಡಿದ. ಆಮೇಲೆ ಶಟರಿಗೆ ಹೊಡೆಯತೊಡಗಿದ. ತಗಡಿನ ಮೇಲೆ ಕೊಡಲಿಯ ಸದ್ದು ಗೋದಾಮಿನೊಳಗೆ ತಿರುಗಿ ತಿರುಗಿ ಬರುತ್ತಿತ್ತು. ತಗಡು ತಗ್ಗುಬಿತ್ತು, ಹರಿಯಲಿಲ್ಲ. ಅವನು ಹಿಂದಕ್ಕೆ ತಿರುಗಿ ಕಣಜಕ್ಕೆ ಹೊಡೆದ, ಗಡಿಗೆಗಳ ಸಾಲಿಗೆ ಹೊಡೆದ, ತಕ್ಕಡಿಯನ್ನು ಎರಡು ತುಂಡು ಮಾಡಿದ, ಮತ್ತೆ ಶಟರಿಗೆ ಬಂದ. ನಾನು ತೆವಳಿ ಕಾಕಾನ ಹತ್ತಿರ ಹೋಗಿ ನನ್ನ ಓಢಣಿಯನ್ನು ಅವರ ನೆತ್ತಿಗೆ ಒತ್ತಿ ಹಿಡಿದೆ. ಕಾಕಾ ನನ್ನನ್ನು ಬೈಯುತ್ತಿದ್ದರು. "ತಗಿಯೇ ಶಟರ್, ಮೂಳೀ, ನಾ ಸಾಯಾಕತ್ತೇನಿ ಇಲ್ಲಿ." ನಾನು ಒತ್ತಿ ಹಿಡಿದೇ ಇದ್ದೆ.

ಆಗ ಅಕ್ಕ ನೆಲದಲ್ಲಿ ಕೂತಲ್ಲಿಂದಲೇ ಮಾತಾಡಿದರು. ಬಾಯಿ ತುಂಬ ರಕ್ತ, ಮಾತು ತೊದಲುತ್ತಿತ್ತು.

"ನೀರು ಕೇಳಿದ್ದ."

ಅವನು ಹೊಡೆಯುತ್ತಲೇ ಇದ್ದ.

"ಅಪ್ಪ ನೀರು ಕೇಳಿದ್ದ ಲೇ. ಬೊಗಸ್ಯಾಗ ತಂದು ಹಾಕ್ದೆ. ಕುತಿಗ್ಯಾಗಿಂದ ಹೊರಗ ಬಂತು. ಮತ್ತ ಹಾಕ್ದೆ. ಮತ್ತ ಬಂತು."

ಕೊಡಲಿ ನಿಂತಿತು.

"ಯಾರೂ ಹೇಳಿಲ್ಲ ನನಗ," ಎಂದ ಅವನು. "ಒಂದೇ ಏಟಿಗೆ ಹೋದ ಅಂದ್ರಿ. ಎಲ್ಲಾರೂ ಹಂಗೇ ಅಂದ್ರಿ."

"ನಿನಗ ಹ್ಯಾಂಗ ಹೇಳ್ಲಿ? ಅದನ್ನ ಓದ್ಲಿ ಅಂತ ಕರ್ಕೊಂಡು ಬಂದೆ. ಅವನ ತಂಗೀನೂ ಹಂಗೇ ನೀರು ತರಬೇಕೇನು? ಅಕಿಗಿನ್ನೂ ಲಗ್ನ ಆಗಿಲ್ಲ. ಹೋಗು, ಕಡಿ. ನೀರು ತರ್ಲಿ ಅಕಿ."

ಅವನು ಶಟರಿಗೆ ಬೆನ್ನು ಕೊಟ್ಟು ಕೆಳಗೆ ಕುಸಿದ. ಅಳಲಿಲ್ಲ. ಕೊಡಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಕೈಯಿಂದ ರಕ್ತ ಇಳಿಯುವುದನ್ನು ನೋಡುತ್ತ ಕೂತ. ಚೆಂಡುಹೂವಿನ ಎಸಳು ಇನ್ನೂ ಕಾವಿಗೆ ಅಂಟಿದ್ದವು. ಪೊಲೀಸರು ಬಂದು ಹೊರಗಿನಿಂದ ಕೀಲಿಕೈ ಒಳಗೆ ತಳ್ಳುವ ತನಕ ನಾಲ್ವರೂ ಹಾಗೇ ಇದ್ದೆವು.

ಕೊಡಲಿಯನ್ನು ಅದೇ ಹವಾಲ್ದಾರರು ಎತ್ತಿಕೊಂಡರು. ಬಿಳಿ ಬಟ್ಟೆ ಸುತ್ತಿ, ಅರಗು ಕಾಸಿ, ಹೊಸ ಚೀಟಿ ಕಟ್ಟಿದರು. ಈ ಸಲ ಅವರೂ ನಗಲಿಲ್ಲ.

ಕಾಕಾನನ್ನು ಕಲಬುರಗಿಗೆ ಒಯ್ದೆವು. ನೆತ್ತಿಗೆ ಹೊಲಿಗೆ, ಭುಜಕ್ಕೆ ಕಬ್ಬಿಣದ ಪಟ್ಟಿ. ಮರುದಿನ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬರುವ ಮೊದಲು ಅಕ್ಕ ಬಂದು ಮಂಚದ ಹತ್ತಿರ ನಿಂತರು. ಮುಂದಿನ ಎರಡು ಹಲ್ಲು ಹೋಗಿದ್ದವು. ಯಾಕೆ ಬಂದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಬಿದ್ದು ಭುಜ ಮುರಿಯಿತು ಎಂದು ಕಾಕಾ ಹೇಳಿದರೆ ಅವರ ತಮ್ಮ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಕಾಕಾನ ಮಗ, ಗೌಂಡಿ ಕೆಲಸದವನು, ಗೋಡೆಗೆ ಒರಗಿ ಮುಷ್ಟಿ ಬಿಗಿದು ನಿಂತಿದ್ದ.

ಕಾಕಾ ಮಗನನ್ನು ನೋಡಿದರು, ಆಮೇಲೆ ಅಕ್ಕನನ್ನು. "ಖರೇ ಹೇಳ್ತೇನವ್ವಾ. ಹೊಡದಾನ ಅಂತ ಬರಸ್ತೇನಿ. ಸಿಟ್ಟಾಗಬ್ಯಾಡ. ನಾ ಬರಸ್ಲಿಲ್ಲ ಅಂದ್ರ ಇವಾ ಕೊಡ್ಲಿ ಹುಡುಕ್ತಾನ." ಮಗನ ಕಡೆ ಗದ್ದ ಎತ್ತಿ ತೋರಿಸಿದರು. "ಕಾಗದ ಮ್ಯಾಲ ಬಂತಂದ್ರ ಇವನ ಕೈ ಕೆಳಗಿಳೀತದ."

ಅಕ್ಕ ತಲೆಯಾಡಿಸಿದರು. ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಒಳಗ ಇರ್ಲಿ ಬಿಡ್ರಿ. ಯಾರನ್ನೂ ಕೊಂದಿಲ್ಲ ಅವಾ."

ಟ್ರಸ್ಟಿನ ಸಭೆ ದೀಪಾವಳಿಗೆ ಮುಂಚೆ ಸೇರಿತು. ನಾನು ಒಡೆದದ್ದನ್ನೆಲ್ಲ ಪಟ್ಟಿ ಮಾಡಿ ಒಯ್ದಿದ್ದೆ. ಸರ್ ರಾಜೀನಾಮೆ ಕೊಡಲು ಸಿದ್ಧರಾಗಿ ಬಂದಿದ್ದರು. ಹಿರಿಯ ಸದಸ್ಯರು "ಆತಲ್ರೀ ಪ್ರಯೋಗ? ಇನ್ನ ರಂಟಿ, ಕೂರಿಗಿ ಸಾಕು" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಬ್ಬ ಮುದುಕನ ಭುಜ ಮುರಿದಿತ್ತು. ಅದನ್ನು ಮುರಿದದ್ದು ನಮ್ಮ ಸಂಗ್ರಹದ ವಸ್ತು, ಅದೂ ನಮ್ಮದೇ ಕೋಣೆಯಲ್ಲಿ.

ಸಭೆಯಲ್ಲಿ ನಾನು ಎಂದೂ ಮಾತಾಡಿದವಳಲ್ಲ. ಅಂದು ಎದ್ದು ನಿಂತೆ. "ರಂಟಿ ಇಡೋಣ. ಆದರೆ ಆ ಪೆಟ್ಟಿಗೆಯನ್ನು ತೆಗೆಯುವುದು ಬೇಡ. ಹೊಸ ಗಾಜು ಹಾಕಿಸಿ ಖಾಲಿ ಇಡೋಣ. ಫಲಕ ಹಾಗೇ ಇರಲಿ. ಕೊಡಲಿ ಇದ್ದಾಗ ಹುಡುಗರು ಕೊಡಲಿ ನೋಡಿದರು, ಫಲಕ ಓದಲಿಲ್ಲ. ನನ್ನ ಲೆಕ್ಕ ಅದನ್ನೇ ಹೇಳುತ್ತದೆ. ಈ ಸಲ ನೋಡಲಿಕ್ಕೆ ಬೇರೆ ಏನೂ ಇರುವುದಿಲ್ಲ."

ಒಂದೆರಡು ಮತಗಳ ಅಂತರದಲ್ಲಿ ಅದು ಒಪ್ಪಿಗೆಯಾಯಿತು. ಸರ್ ಅವರ ರಾಜೀನಾಮೆಯನ್ನು ಯಾರೂ ತಗೊಳ್ಳಲಿಲ್ಲ. ಫಲಕದ ಕೆಳಗೆ ಒಂದು ಸಾಲು ಕೂಡಿಸಿದೆವು: "ಈ ಕೊಡಲಿ ಈಗ ಮತ್ತೆ ಠಾಣೆಯಲ್ಲಿದೆ. ಇದೇ ಕೋಣೆಯಲ್ಲಿ, ಹಬ್ಬದ ದಿನ, ಇದರಿಂದ ಇನ್ನೊಬ್ಬರಿಗೆ ಏಟು ಬಿತ್ತು." ಶಟರಿನ ತಗ್ಗುಗಳನ್ನು ರಿಪೇರಿ ಮಾಡಿಸಲಿಲ್ಲ. ಹುಡುಗರು ಈಗಲೂ ಬರುತ್ತಾರೆ. "ಕೊಡ್ಲಿ ಎಲ್ಲದರೀ?" ಎಂದು ಕೇಳುತ್ತಾರೆ, ಖಾಲಿ ಬಟ್ಟೆ ನೋಡುತ್ತಾರೆ, ಬೇರೆ ದಾರಿಯಿಲ್ಲದೆ ಓದುತ್ತಾರೆ. ಕೆಲವರು ಅರ್ಧಕ್ಕೇ ಬಿಡುತ್ತಾರೆ. ಅದನ್ನೂ ಬರೆದಿಡುತ್ತೇನೆ.

ಅಕ್ಕನ ತಮ್ಮನಿಗೆ ಜಾಮೀನು ಸಿಕ್ಕಿದ್ದು ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಠಾಣೆಯಲ್ಲಿ ಸಹಿ ಮಾಡಿ, ಅಕ್ಕನ ಜೊತೆ ಸಂಗ್ರಹಾಲಯದ ಬಾಗಿಲಿಗೆ ಬಂದ. ಸೊರಗಿದ್ದ. ನಾನು ಕುರ್ಚಿಯಿಂದ ಎದ್ದೆ. ಕಾಕಾ ಮೂಲೆಯ ಸ್ಟೂಲಿನ ಮೇಲಿದ್ದರು. ಅವನು ಒಳಗೆ ಬಂದು ಖಾಲಿ ಪೆಟ್ಟಿಗೆಯ ಮುಂದೆ ನಿಂತ. ಅದರ ಮೇಲಿನ ಬಲ್ಬು ಎರಡು ದಿನದಿಂದ ಹೋಗಿತ್ತು. ಅವನು ಬಾಗಿ ಕಣ್ಣು ಕಿರಿದು ಮಾಡಿ ಓದಲು ನೋಡಿದ.

"ಕಾಣಂಗಿಲ್ಲ ಅದು," ಎಂದರು ಕಾಕಾ. "ಹಿಂದ ಏಣಿ ಅದ, ತಗೊಂಡು ಬಾ. ಬಲ್ಬ್ ಹಾಕು. ನನ್ನ ಕೈ ಮ್ಯಾಲ ಏಳಂಗಿಲ್ಲ."

ಅವನು ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಹೋಗಿ ಏಣಿ ತಂದು ಗೋಡೆಗೆ ಆನಿಸಿ ಹತ್ತಿದ. ಏಣಿ ಅಲುಗಾಡುತ್ತಿತ್ತು. ಕಾಕಾ ಎದ್ದು ಹೋಗಿ ಎಡಗೈಯಿಂದ ಅದನ್ನು ಹಿಡಿದು ನಿಂತರು.